‘ಕಟ್ಟಿಟ್ಟಿರ್ತೀನಿ’ ಅನ್ನುವವಳಿಗೆ ಕಾಲ ಗೊತ್ತಿಲ್ಲವೇ?

ಕನ್ನಡಕ್ಕಿರುವುದು ಮೂರೇ ಕಾಲ, ಇಂಗ್ಲಿಷಿಗೆ ಹನ್ನೆರಡು. ಆದ್ದರಿಂದ ಕನ್ನಡದ ಮಕ್ಕಳಿಗೆ ಫ್ಯೂಚರ್ ಪರ್ಫೆಕ್ಟ್, ಅಂದರೆ ‘ವಿಲ್ ಹ್ಯಾವ್’ ಹಾಕಿ ಹೇಳುವ ಕಾಲ, ತಲೆಗೆ ಹತ್ತುವುದಿಲ್ಲ. ಹತ್ತಬೇಕಾದರೆ ಕನ್ನಡವನ್ನು ತರಗತಿಯ ಬಾಗಿಲಾಚೆ ಚಪ್ಪಲಿಯ ಜೊತೆ ಬಿಟ್ಟು ಬಂದು ಇಂಗ್ಲಿಷಿನಲ್ಲೇ ಯೋಚನೆ ಮಾಡಬೇಕು. ಈ ಮಾತನ್ನು ಬೆಂಗಳೂರಿನ ಬಸವನಗುಡಿಯ ಮನೆಪಾಠಗಳಲ್ಲಿ, ಮಲ್ಲೇಶ್ವರದ ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ, ಚಾಮರಾಜಪೇಟೆಯ ಸ್ಟಾಫ್‌ರೂಮುಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರು ಒಳ್ಳೆಯವರೇ. ಮಕ್ಕಳ ಏಳಿಗೆಯನ್ನು ಬಯಸಿಯೇ ಹೇಳುತ್ತಾರೆ. ತಂದೆತಾಯಂದಿರು ನಂಬುತ್ತಾರೆ. ಕೊನೆಗೆ ಮಕ್ಕಳೂ ನಂಬಿ, ತಮ್ಮ ನಾಲಿಗೆಯಲ್ಲೇ ಏನೋ ಕೊರತೆ ಇದೆ ಎಂದುಕೊಳ್ಳುತ್ತಾರೆ. ನಾನು ಇಂಗ್ಲಿಷ್ ಪಾಠ ಹೇಳಿಯೇ ಬದುಕಿದವಳು. ಈ ಮಾತು ಸುಳ್ಳು ಎಂದು ಹೇಳದೆ ಸುಮ್ಮನಿದ್ದುದು ನನ್ನದೂ ತಪ್ಪು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕಳೆದ ಕಾರ್ತಿಕದಲ್ಲಿ, ಕಡಲೆಕಾಯಿ ಪರಿಷೆಗೆ ಇನ್ನೂ ಎರಡು ದಿನ ಇರುವಾಗ, ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳಲು ನಿಂತಿದ್ದೆ. ಹೂವಿನಾಕೆಯ ಬುಟ್ಟಿಯಲ್ಲಿ ಬಿಡಿ ಮಲ್ಲಿಗೆ ಇತ್ತು, ಕಟ್ಟಿದ ಹೂವು ಮುಗಿದಿತ್ತು. ಸಾಯಂಕಾಲದ ಪೂಜೆಗೆ ಎರಡು ಮಾರು ಬೇಕು ಅಂದೆ. ಆಕೆ ದಾರದಿಂದ ಕಣ್ಣು ಎತ್ತದೆಯೇ, “ದೊಡ್ಡಗಣಪತಿ ಗುಡಿಗೆ ಹೋಗಿಬನ್ನಿ ಅಮ್ಮಾ, ನೀವು ಬರೋಷ್ಟೊತ್ತಿಗೆ ಕಟ್ಟಿಟ್ಟಿರ್ತೀನಿ” ಅಂದಳು. ಪಕ್ಕದಲ್ಲಿ ಮಗುಚಿಟ್ಟ ಹಣ್ಣಿನ ಪೆಟ್ಟಿಗೆಯ ಮೇಲೆ ಆಕೆಯ ಮಗಳು ಕೂತಿದ್ದಳು. ಹತ್ತನೇ ಕ್ಲಾಸು. ತೊಡೆಯ ಮೇಲೆ ಇಂಗ್ಲಿಷ್ ಅಭ್ಯಾಸ ಪುಸ್ತಕ. ನಾನು ಟೀಚರ್ ಎಂದು ಗೊತ್ತಿದ್ದುದರಿಂದ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಬಿಟ್ಟ ಸ್ಥಳ ತುಂಬುವ ಪ್ರಶ್ನೆ: ಅತಿಥಿಗಳು ಬರುವ ಹೊತ್ತಿಗೆ ಅಮ್ಮ ಅಡುಗೆ ಮಾಡಿರುತ್ತಾಳೆ ಎಂಬರ್ಥದ ಇಂಗ್ಲಿಷ್ ವಾಕ್ಯ, ಎರಡು ಕ್ರಿಯಾಪದಗಳ ಜಾಗ ಖಾಲಿ. ಹುಡುಗಿ ಮೊದಲನೆಯ ಜಾಗದಲ್ಲಿ ‘ವಿಲ್ ಅರೈವ್’ ಎಂದೂ ಎರಡನೆಯದರಲ್ಲಿ ‘ವಿಲ್ ಕುಕ್ಡ್’ ಎಂದೂ ಬರೆದಿದ್ದಳು. ಎರಡೂ ತಪ್ಪು.

“ಇದು ನಂಗೆ ಬರಲ್ಲ ಮಿಸ್. ಇದು ಕನ್ನಡದಲ್ಲಿ ಇಲ್ವಂತೆ” ಅಂದಳು.

ಒಂದು ಮೊಳ ದೂರದಲ್ಲಿ ಕೂತಿದ್ದ ಅವಳ ತಾಯಿ ಆ ವಾಕ್ಯವನ್ನು ಆಗಷ್ಟೇ ಬಾಯಿಬಿಟ್ಟು ಹೇಳಿದ್ದಳು. ಅದೇ ‘ಬರೋಷ್ಟೊತ್ತಿಗೆ’, ಅದೇ ‘-ಇರ್ತೀನಿ’. ಬೇರೆಯಾಗಿದ್ದುದು ಹೂವು ಮತ್ತು ಅಡುಗೆ, ಅಷ್ಟೆ.

‘ಇಲ್ಲ’ ಎಂಬ ಈ ಮಾತು ಹೇಗೆ ಹುಟ್ಟಿತು ನೋಡಿ. ನಮ್ಮ ವ್ಯಾಕರಣ ಪುಸ್ತಕಗಳು ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲ ಹೇಳುತ್ತವೆ. ‘ಮಾಡಿದೆನು, ಮಾಡುತ್ತೇನೆ, ಮಾಡುವೆನು’ ಎಂದು ಪಟ್ಟಿ ಕೊಡುತ್ತವೆ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕಹೊಯ್ಯುವ ಈ ರೂಢಿಯ ವಿರುದ್ಧ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮತ್ತೆ ಮತ್ತೆ ಬರೆದರು. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಒಂದು ಪುಸ್ತಕಕ್ಕೆ ಹೆಸರನ್ನೇ ಇಟ್ಟರು. ಪ್ರಪಂಚದ ಭಾಷೆಗಳನ್ನು ಕಾಲ, ಸ್ಥಿತಿ, ಭಾವ ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಮಣೆ ಹಾಕುತ್ತವೆ ಎಂದು ವಿಂಗಡಿಸಿದ 1999ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಅವರು ಕನ್ನಡವನ್ನು ಇಟ್ಟದ್ದು ಕಾಲಕ್ಕೆ ಮಣೆ ಹಾಕುವ ಭಾಷೆಗಳ ಸಾಲಿನಲ್ಲಿ. ಅಂಥ ಭಾಷೆಯನ್ನಾಡುವ ಹುಡುಗಿಗೆ ನಾವು ‘ನಿನ್ನ ಭಾಷೆಗೆ ಕಾಲ ಸಾಲದು’ ಎಂದು ಕಲಿಸುತ್ತಿದ್ದೇವೆ.

ಮೂರು–ಹನ್ನೆರಡರ ಲೆಕ್ಕವೇ ಮೋಸದ್ದು. ಇಂಗ್ಲಿಷಿನ ಹನ್ನೆರಡು ಎಲ್ಲಿಂದ ಬಂತು? ಇಂಗ್ಲಿಷ್ ಕ್ರಿಯಾಪದವೊಂದು ಕಾಲ ತೋರಿಸಲು ತಾನೇ ಮೈ ಬದಲಿಸುವುದು ಎರಡೇ ಬಗೆ: ‘ರೈಟ್’, ‘ರೋಟ್’. ಕಳೆದದ್ದು ಒಂದು, ಕಳೆಯದ್ದು ಒಂದು. ಉಳಿದದ್ದೆಲ್ಲ ‘ವಿಲ್’, ‘ಹ್ಯಾವ್’, ‘ಬಿ’ ಎಂಬ ಸಹಾಯಕ ಪದಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿ ಕಟ್ಟಿದ್ದು. ಹಾಗೆ ಕಟ್ಟಿದ್ದನ್ನೆಲ್ಲ ಒಂದೊಂದು ಕಾಲ ಎಂದು ಎಣಿಸಿದರೆ ಹನ್ನೆರಡಾಗುತ್ತದೆ. ಸರಿ, ಎಣಿಸೋಣ. ಆದರೆ ಕನ್ನಡಕ್ಕೆ ಬಂದಾಗ ಕಟ್ಟಿದ್ದನ್ನು ಬಿಟ್ಟು ಬರೀ ಮೂಲ ರೂಪಗಳನ್ನೇ ಎಣಿಸುವುದು ಯಾವ ನ್ಯಾಯ? ಅವರ ಮರದಲ್ಲಿ ಕೊಂಬೆ ಎಣಿಸಿ, ನಮ್ಮ ಮರದಲ್ಲಿ ಕಾಂಡ ಎಣಿಸಿ, ನಿಮ್ಮದು ಬೋಳು ಮರ ಅಂದ ಹಾಗಾಯಿತು.

ನಮ್ಮ ಕೊಂಬೆಗಳನ್ನೂ ಎಣಿಸಿ. ‘ಮಾಡಿ’ ಎಂಬುದಕ್ಕೆ ‘ಇರು’ ಸೇರಿಸಿ: ಮಾಡಿದ್ದೆ, ಮಾಡಿದೀನಿ, ಮಾಡಿರ್ತೀನಿ. ‘ಮಾಡ್ತಾ’ ಎಂಬುದಕ್ಕೆ ಸೇರಿಸಿ: ಮಾಡ್ತಿದ್ದೆ, ಮಾಡ್ತಿದೀನಿ, ಮಾಡ್ತಿರ್ತೀನಿ. ಇಂಗ್ಲಿಷಿನ ಪರ್ಫೆಕ್ಟ್ ಸಾಲು, ಕಂಟಿನ್ಯುಯಸ್ ಸಾಲು ಎರಡೂ ಮೂರು ಮೂರರಂತೆ ನಿಂತಿವೆ. ಇಂಗ್ಲಿಷ್ ‘ಹ್ಯಾವ್’ ಎಂಬ ಪದಕ್ಕೆ ಕೊಟ್ಟ ಕೆಲಸವನ್ನು ನಾವು ‘ಇರು’ ಎಂಬುದಕ್ಕೆ ಕೊಟ್ಟಿದ್ದೇವೆ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಎರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ನಾವು ಮಕ್ಕಳಿಗೆ ಕೊಡುತ್ತಿಲ್ಲ. ಕೊಟ್ಟರೂ ‘ನಾನು ಪತ್ರವನ್ನು ಬರೆದಿರುವೆನು’ ಎಂದು ಯಾವ ಮನೆಯಲ್ಲೂ ಯಾರೂ ಆಡದ ಕನ್ನಡದಲ್ಲಿ ಕೊಡುತ್ತೇವೆ. ಆ ಕನ್ನಡ ಹೂವಿನಾಕೆಯ ಮಗಳಿಗೆ ಇಂಗ್ಲಿಷಿನಷ್ಟೇ ದೂರ.

ಹೂವಿನ ಅಂಗಡಿಯ ಮುಂದೆ ಆಕೆ ‘ಕಟ್ತೀನಿ’ ಎಂದಿದ್ದರೆ ನಾನು ಅಲ್ಲೇ ನಿಲ್ಲುತ್ತಿದ್ದೆ. ‘ನೀವು ಬಂದಾಗ ಕಟ್ತಿರ್ತೀನಿ’ ಎಂದಿದ್ದರೆ, ಬಂದ ಮೇಲೂ ಕಾಯಬೇಕು ಎಂದುಕೊಂಡು ಮುಂದಿನ ಬುಟ್ಟಿಗೆ ಹೋಗುತ್ತಿದ್ದೆ. ‘ಕಟ್ಟಿಟ್ಟಿರ್ತೀನಿ’ ಎಂದಿದ್ದಕ್ಕೆ ದುಡ್ಡು ಕೊಟ್ಟು ಗುಡಿಗೆ ಹೋದೆ. ಮೂರು ರೂಪ, ಮೂರು ಬೇರೆ ವ್ಯವಹಾರ. ಬೀದಿಯ ವ್ಯಾಪಾರದಲ್ಲಿ ಇದರಲ್ಲಿ ತಪ್ಪುವವರು ಯಾರೂ ಇಲ್ಲ. ತಪ್ಪಿದರೆ ಗಿರಾಕಿ ಹೋಗುತ್ತಾನೆ. ಟೈಲರು ‘ಶುಕ್ರವಾರದೊಳಗೆ ಹೊಲಿದಿಟ್ಟಿರ್ತೀನಿ’ ಅನ್ನುತ್ತಾನೆ. ಅಡುಗೆಯವರು ‘ಹನ್ನೊಂದು ಗಂಟೆ ಹೊತ್ತಿಗೆ ಎಲೆ ಹಾಕಿಬಿಟ್ಟಿರ್ತೀವಿ’ ಅನ್ನುತ್ತಾರೆ.

ಈಗ ಕಾಲವಾಚಕ ಪದಗಳಿಗೆ ಬರುತ್ತೇನೆ. ನಿಜವಾದ ಕಷ್ಟ ಇರುವುದು ಅಲ್ಲಿ. ‘ವಿಲ್ ಹ್ಯಾವ್’ ಬಾಯಿಗೆ ಬಂದ ಮೇಲೂ ಅದರ ಜೊತೆ ‘ಬೈ’ ಹಾಕಬೇಕೋ, ‘ಅನ್‌ಟಿಲ್’ ಹಾಕಬೇಕೋ, ‘ವಿತಿನ್’, ‘ಫಾರ್’, ‘ಸಿನ್ಸ್’ ಇವುಗಳಲ್ಲಿ ಯಾವುದೋ ಎಂದು ಮಕ್ಕಳು ತಡವರಿಸುತ್ತಾರೆ. ತರಗತಿಗಳಲ್ಲಿ ಇದಕ್ಕೆ ಕೊಡುವ ಮದ್ದು ಒಂದು ಸೂತ್ರ: ‘ಬೈ’ ಕಂಡರೆ ‘ವಿಲ್ ಹ್ಯಾವ್’ ಬರೆ. ಗೈಡುಗಳಲ್ಲಿ ಇದನ್ನು ಚೌಕಟ್ಟಿನೊಳಗೆ ಅಚ್ಚು ಹಾಕಿರುತ್ತಾರೆ. ಸೂತ್ರ ಬಾಯಿಪಾಠ ಮಾಡಿದ ಹುಡುಗ ‘ನಿನ್ನೆ ಐದು ಗಂಟೆ ಹೊತ್ತಿಗೆ’ ಎಂಬಲ್ಲಿ ‘ಬೈ’ ಕಂಡು ಅಲ್ಲೂ ‘ವಿಲ್ ಹ್ಯಾವ್’ ತುಂಬುತ್ತಾನೆ; ‘ಬೈ ಬಸ್’ ಎಂದಿರುವಲ್ಲೂ ತುಂಬಿದವರನ್ನು ನಾನು ನೋಡಿದ್ದೇನೆ. ಇದು ಅವನ ದಡ್ಡತನವಲ್ಲ. ಅರ್ಥ ನೋಡಬೇಡ, ಗುರುತು ನೋಡು ಎಂದು ನಾವೇ ಹೇಳಿಕೊಟ್ಟದ್ದು.

ಅರ್ಥ ಅವನ ಬಾಯಲ್ಲೇ ಇದೆ. ‘ಆರು ಗಂಟೆಗೆ’, ‘ಆರು ಗಂಟೆ ಹೊತ್ತಿಗೆ’, ‘ಆರು ಗಂಟೆಯೊಳಗೆ’, ‘ಆರು ಗಂಟೆ ತನಕ’. ನಾಲ್ಕಕ್ಕೂ ಬೇರೆ ಬೇರೆ ಕೆಲಸ. ‘ಆರು ಗಂಟೆ ತನಕ ಕಟ್ಟಿಟ್ಟಿರ್ತೀನಿ’ ಎಂದು ಗಾಂಧಿ ಬಜಾರಿನಲ್ಲಿ ಯಾರೂ ಹೇಳುವುದಿಲ್ಲ, ಕಿವಿಗೆ ಹೊಡೆಯುತ್ತದೆ. ‘ತನಕ’ ಬಂದರೆ ಕೆಲಸ ಎಳೆದುಕೊಂಡು ಹೋಗುತ್ತಿರಬೇಕು: ‘ಆರು ಗಂಟೆ ತನಕ ಕಟ್ತಿರ್ತೀನಿ’. ‘ಹೊತ್ತಿಗೆ’, ‘ಒಳಗೆ’ ಬಂದರೆ ಮುಗಿದಿರಬೇಕು. ಇಂಗ್ಲಿಷಿನ ‘ಅನ್‌ಟಿಲ್’–‘ಬೈ’ ನಡುವಿನ ಗೆರೆಯೂ ಇದೇ. ಹಿಂದಿಯಲ್ಲಿ, ಉರ್ದುವಿನಲ್ಲಿ ಈ ಗೆರೆ ಇಲ್ಲ. ಎರಡು ಅರ್ಥಕ್ಕೂ ‘ತಕ್’ ಒಂದೇ ಸಾಕು. ಚಾಮರಾಜಪೇಟೆಯಲ್ಲಿ ಪಾಠ ಹೇಳುವಾಗ ಉರ್ದು ಮನೆಮಾತಿನ ಮಕ್ಕಳು ‘ಸೋಮವಾರದೊಳಗೆ ಮುಗಿಸಿರ್ತೀನಿ’ ಎಂಬುದಕ್ಕೆ ‘ಟಿಲ್ ಮಂಡೇ’ ಎಂದು ಬರೆಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪಕ್ಕದ ಬೆಂಚಿನ ಕನ್ನಡದ ಹುಡುಗಿ ಆ ತಪ್ಪು ಮಾಡುವುದು ಕಡಿಮೆ. ಅವಳಿಗೆ ತನ್ನ ಭಾಷೆಯೇ ಆ ಗೆರೆ ಎಳೆದುಕೊಟ್ಟಿದೆ. ಉರ್ದುವಿನ ಮಕ್ಕಳಿಗೂ ಆ ಬೀದಿಯ ಕನ್ನಡ ಬರುತ್ತದೆ. ‘ಒಳಗೆ’, ‘ತನಕ’ ಎರಡನ್ನೂ ಅವರಿಂದಲೇ ಹೇಳಿಸಿ ತೋರಿಸಿದ ದಿನ ಅವರಿಗೂ ಹೊಳೆಯಿತು. ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂದಿದ್ದರೆ ಹೊಳೆಯುತ್ತಿರಲಿಲ್ಲ.

ಇನ್ನು ‘ಬರೋಷ್ಟೊತ್ತಿಗೆ’. ಇದರ ಮೇಲೆ ನನಗೆ ವಿಶೇಷ ಪ್ರೀತಿ. ‘ಬೈ ದ ಟೈಮ್’ ಆದಮೇಲೆ ‘ವಿಲ್’ ಹಾಕಬಾರದು ಎಂಬ ನಿಯಮವನ್ನು ನಾವು ಮಕ್ಕಳ ತಲೆಗೆ ಬಡಿಗೆ ಹಿಡಿದು ತುಂಬುತ್ತೇವೆ. ‘ವಿಲ್’ ಹಾಕುವುದು ಕನ್ನಡದ ಪ್ರಭಾವ ಎಂದು ಶಿಕ್ಷಕರು ದೂರುತ್ತಾರೆ. ಕನ್ನಡವನ್ನು ನೋಡದೆ ಹೊರಿಸಿದ ಆರೋಪ ಇದು. ‘ನಾಳೆ ನೀನು ಬರೋಷ್ಟೊತ್ತಿಗೆ ನಾನು ಮಲಗಿರ್ತೀನಿ’ ಅನ್ನುತ್ತೇವೆ. ‘ನಿನ್ನೆ ನೀನು ಬರೋಷ್ಟೊತ್ತಿಗೆ ನಾನು ಮಲಗಿದ್ದೆ’ ಎಂದೂ ಅನ್ನುತ್ತೇವೆ. ನಾಳೆಗೂ ನಿನ್ನೆಗೂ ‘ಬರೋಷ್ಟೊತ್ತಿಗೆ’ ಒಂದೇ. ಅದು ಕಾಲವನ್ನು ಹೊರುವುದೇ ಇಲ್ಲ. ನಿನ್ನೆಯೋ ನಾಳೆಯೋ ಎಂಬುದನ್ನು ಕೊನೆಯ ಕ್ರಿಯಾಪದ ಹೇಳುತ್ತದೆ. ಇಂಗ್ಲಿಷ್ ಕೂಡ ನಾಳೆಯ ಮಾತಿನಲ್ಲಿ ‘ವಿಲ್’ ಎಂಬುದನ್ನು ಮುಖ್ಯ ವಾಕ್ಯಕ್ಕೆ ಮಾತ್ರ ಕೊಡುತ್ತದೆ, ಹೊತ್ತು ಹೇಳುವ ಅಧೀನ ವಾಕ್ಯವನ್ನು ಬರಿದಾಗಿ ಬಿಡುತ್ತದೆ. ಆ ಹುಡುಗಿ ‘ವಿಲ್ ಅರೈವ್’ ಎಂದು ಬರೆದದ್ದು ಕನ್ನಡದಿಂದ ಅಲ್ಲ. ‘ಇದು ಭವಿಷ್ಯತ್, ಭವಿಷ್ಯತ್ತಿಗೆ ವಿಲ್’ ಎಂದು ಕಲಿಸಿದ ಇನ್ನೊಂದು ಸೂತ್ರದಿಂದ. ಕನ್ನಡದ ದಾರಿ ಹಿಡಿದಿದ್ದರೆ ಸರಿಯಾಗುತ್ತಿತ್ತು.

ಎದುರು ವಾದದಲ್ಲಿ ಹುರುಳಿಲ್ಲವೆಂದಲ್ಲ. ‘ಐ ವಿಲ್ ಕಮ್ ವಿತಿನ್ ಫೈವ್ ಓ ಕ್ಲಾಕ್’ ಎಂಬ ವಾಕ್ಯ ಈ ಊರಿನ ಆಫೀಸುಗಳಲ್ಲಿ ದಿನಕ್ಕೆ ನೂರು ಸಲ ಕೇಳುತ್ತದೆ, ಅದು ಕನ್ನಡದ ‘ಒಳಗೆ’ಯಿಂದಲೇ ಬಂದದ್ದು. ನಮ್ಮ ‘ಒಳಗೆ’ ಎರಡು ಕೆಲಸ ಮಾಡುತ್ತದೆ: ‘ಸೋಮವಾರದೊಳಗೆ’ ಎಂದರೆ ಒಂದು ಗಡಿ, ‘ಮೂರು ದಿನದೊಳಗೆ’ ಎಂದರೆ ಒಂದು ಅಳತೆ. ಮೊದಲನೆಯದಕ್ಕೆ ಇಂಗ್ಲಿಷಿನಲ್ಲಿ ‘ಬೈ’, ಎರಡನೆಯದಕ್ಕೆ ‘ವಿತಿನ್’. ಗಂಟೆಯ ವಿಚಾರದಲ್ಲಿ ತೊಡಕು ಇನ್ನೂ ಹೆಚ್ಚು. ‘ಎರಡು ಗಂಟೆಯೊಳಗೆ ಮುಗಿಸಿರ್ತೀನಿ’ ಅಂದರೆ ಗಡಿಯಾರದಲ್ಲಿ ಎರಡು ಹೊಡೆಯುವುದರೊಳಗೋ, ಇಲ್ಲಿಂದ ಎರಡು ತಾಸಿನೊಳಗೋ? ನಮ್ಮಲ್ಲಿ ‘ಗಂಟೆ’ ಎಂಬ ಒಂದೇ ಪದ ಗಡಿಯಾರದ ಗುರುತೂ ಹೌದು, ಅರವತ್ತು ನಿಮಿಷದ ಅಳತೆಯೂ ಹೌದು. ಮನೆಗೆ ಬಂದ ಪ್ಲಂಬರ್ ಹಾಗೆ ಹೇಳಿದಾಗ ನಾವೇ ‘ಎರಡು ಗಂಟೆಗೋ, ಎರಡು ಗಂಟೆ ಆಗುತ್ತೋ’ ಎಂದು ಮತ್ತೆ ಕೇಳುತ್ತೇವೆ. ಇಂಗ್ಲಿಷ್ ಈ ಪ್ರಶ್ನೆಗೆ ಪದ ಆರಿಸುವಾಗಲೇ ಉತ್ತರ ಕೇಳುತ್ತದೆ.

ಇದನ್ನು ತಿದ್ದುವುದು ಹೇಗೆ? ಕನ್ನಡವನ್ನು ತರಗತಿಯಿಂದ ಹೊರಗಿಟ್ಟರೆ ಈ ತಪ್ಪು ಹೋಗುವುದಿಲ್ಲ. ಮಗು ಮನಸ್ಸಿನಲ್ಲಿ ಕನ್ನಡದಿಂದಲೇ ದಾಟಿ ಬರುತ್ತದೆ, ಟೀಚರಿಗೆ ಕಾಣದ ಹಾಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಹಾಗಾದಾಗ ‘ವಿತಿನ್’ ಹೇಗೆ ಬಂತು ಎಂದು ಮಗುವಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ನಾವು ಕೆಂಪು ಗೆರೆ ಎಳೆದು ಮುಂದೆ ಹೋಗುತ್ತೇವೆ. ‘ಒಳಗೆ’ಯನ್ನು ಹಲಗೆಯ ಮೇಲೆ ಬರೆದು, ಇದು ಗಡಿಯೋ ಅಳತೆಯೋ ಎಂದು ಕೇಳಿದರೆ ಮಗುವೇ ಹೇಳುತ್ತದೆ. ತಪ್ಪು ಎಲ್ಲಿ ಹುಟ್ಟುತ್ತದೋ ಅಲ್ಲೇ ಹಿಡಿಯಬೇಕು.

‘ಸಿನ್ಸ್ ಟೆನ್ ಇಯರ್ಸ್’ ಎಂಬುದೂ ಹೀಗೆಯೇ. ‘2015ರಿಂದ’, ‘ಹತ್ತು ವರ್ಷದಿಂದ’ ಎರಡಕ್ಕೂ ನಮಗೆ ‘ಇಂದ’ ಇದೆ; ಮಗು ಎರಡಕ್ಕೂ ‘ಸಿನ್ಸ್’ ಹಚ್ಚುತ್ತದೆ. ಆದರೆ ಮುಂದಿನದನ್ನು ಹೇಳುವಾಗ ನಮ್ಮ ಸಹಜ ಮಾತು ಬೇರೆ: ‘ಬರೋ ಯುಗಾದಿಗೆ ನಾವು ಈ ಮನೆಗೆ ಬಂದು ಹತ್ತು ವರ್ಷ ಆಗಿರುತ್ತೆ.’ ಇಲ್ಲಿ ‘ಇಂದ’ ಎಂಬುದೇ ಇಲ್ಲ. ‘ಯುಗಾದಿಗೆ’ ಎಂಬುದು ‘ಬೈ’. ‘ಹತ್ತು ವರ್ಷ’ ಎಂಬ ಬರೀ ಅಳತೆ ‘ಫಾರ್’. ‘ಆಗಿರುತ್ತೆ’ ಎಂಬುದು ‘ವಿಲ್ ಹ್ಯಾವ್’. ಇಂಗ್ಲಿಷ್ ವ್ಯಾಕರಣದಲ್ಲಿ ಅತಿ ಕಠಿಣ ಎಂದು ಹೆಸರಾದ ಫ್ಯೂಚರ್ ಪರ್ಫೆಕ್ಟ್ ಕಂಟಿನ್ಯುಯಸ್‌ಗೆ ಇಳಿಯುವ ಮೆಟ್ಟಿಲು ನಮ್ಮ ಮನೆಯ ಹಜಾರದಲ್ಲೇ ಇದೆ.

ಫ್ಯೂಚರ್ ಪರ್ಫೆಕ್ಟ್ ಎಂಬುದು ಬರೀ ಮುಂದಿನ ಮಾತಲ್ಲ ಎಂಬುದನ್ನು ಇಂಗ್ಲಿಷ್ ಕಲಿಸುವ ಅನೇಕರೇ ಮರೆತಿದ್ದಾರೆ. ರಾಮನವಮಿ ಸಂಗೀತಕ್ಕೆ ಕೋಟೆ ಹೈಸ್ಕೂಲಿನ ಮೈದಾನಕ್ಕೆ ಹೋದ ಗಂಡ ಫೋನ್ ಎತ್ತುತ್ತಿಲ್ಲ. ಮನೆಯಲ್ಲಿ ಹೆಂಡತಿ ಅತ್ತೆಗೆ ಹೇಳುತ್ತಾಳೆ: ‘ಕಚೇರಿ ಶುರುವಾಗಿರುತ್ತೆ ಅತ್ತೆ, ಅದಕ್ಕೇ ಸೈಲೆಂಟಿನಲ್ಲಿ ಇಟ್ಟಿರ್ತಾರೆ.’ ಇದರಲ್ಲಿ ನಾಳೆ ಎಲ್ಲಿದೆ? ಇದು ಈ ಗಳಿಗೆಯ ಬಗ್ಗೆ ಕಾಣದೆ ಮಾಡಿದ ಊಹೆ. ಇಂಗ್ಲಿಷ್ ಕೂಡ ಇಲ್ಲಿ ‘ಬೈ ನೌ’ ಸೇರಿಸಿ ಅದೇ ‘ವಿಲ್ ಹ್ಯಾವ್’ ಬಳಸುತ್ತದೆ. ದೂರದ ಎರಡು ಭಾಷೆಗಳು, ಬೇರೆ ಬೇರೆ ಕುಲದವು, ಊಹೆಗೂ ಮುಂದೆ ಮುಗಿಯುವ ಕೆಲಸಕ್ಕೂ ಒಂದೇ ರೂಪ ಇಟ್ಟುಕೊಂಡಿವೆ. ಕಾಣದ್ದನ್ನು ನಂಬಿ ಹೇಳುವುದು ಎರಡರಲ್ಲೂ ಇದೆಯಲ್ಲ, ಅದಕ್ಕಿರಬೇಕು. ನನ್ನ ಮಟ್ಟಿಗೆ ಇದು ವ್ಯಾಕರಣದಲ್ಲಿ ಕಂಡ ದೊಡ್ಡ ಸೋಜಿಗ. ‘ಹದಿಮೂರನೆಯ ಪಾಠ, ಬೈ ಇದ್ದರೆ ವಿಲ್ ಹ್ಯಾವ್’ ಎಂದು ಕಲಿತ ಮಗುವಿಗೆ ಈ ಸೋಜಿಗ ದಕ್ಕುವುದೇ ಇಲ್ಲ.

ಕನ್ನಡ ಹೊರಗಿರಲಿ ಎಂಬ ನಂಬಿಕೆ ನಮ್ಮ ನೆಲದಲ್ಲಿ ಹುಟ್ಟಿದ್ದಲ್ಲ. 1961ರಲ್ಲಿ ಉಗಾಂಡದ ಮಕೆರೆರೆಯಲ್ಲಿ ಕಾಮನ್‌ವೆಲ್ತ್ ದೇಶಗಳ ಇಂಗ್ಲಿಷ್ ಶಿಕ್ಷಣದ ಸಮ್ಮೇಳನವೊಂದು ನಡೆಯಿತು. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಎಂಬ ತತ್ವದ ಬೇರು ಆ ಸಮ್ಮೇಳನದಲ್ಲಿದೆ ಎಂದು ಗುರುತಿಸಿದವರು ಭಾಷಾಶಾಸ್ತ್ರಜ್ಞ ರಾಬರ್ಟ್ ಫಿಲಿಪ್ಸನ್. ಭಾಷಾ ಸಾಮ್ರಾಜ್ಯಶಾಹಿಯ ಬಗ್ಗೆ ಬರೆದ ತಮ್ಮ 1992ರ ಪುಸ್ತಕದಲ್ಲಿ ಅವರು ಅದನ್ನು ಒಂದು ಭ್ರಮೆ ಎಂದೇ ಕರೆದರು. ಅದಕ್ಕೂ ಮೊದಲೇ, 1967ರಲ್ಲಿ, ವೇಲ್ಸ್‌ನ ಸಿ.ಜೆ. ಡಾಡ್ಸನ್ ಎರಡು ಭಾಷೆಗಳನ್ನು ಒಟ್ಟಿಗೆ ಇಟ್ಟುಕೊಂಡು ಕಲಿಸುವ ವಿಧಾನದ ಮೇಲೆ ಪುಸ್ತಕ ಬರೆದಿದ್ದರು. ಹೊರಗಿನವರು ಬಿಟ್ಟ ನಂಬಿಕೆಯನ್ನು ನಾವು ಇನ್ನೂ ಪೂಜಿಸುತ್ತಿದ್ದೇವೆ.

ನನ್ನದೇ ಅನುಭವ ಒಂದು. ಈ ಬಡಾವಣೆಗಳ ಖಾಸಗಿ ಶಾಲೆಯೊಂದರಲ್ಲಿ ಕೆಲವು ವರ್ಷ ಪಾಠ ಹೇಳಿದೆ. ಒಂದು ದಿನ ‘ಬಂದಿದ್ದೆ, ಬಂದಿದೀನಿ, ಬಂದಿರ್ತೀನಿ’ ಎಂದು ಹಲಗೆಯ ಮೇಲೆ ಬರೆದಿದ್ದೆ. ಮಕ್ಕಳು ಗಲಗಲ ಎಂದು ತಮ್ಮ ತಮ್ಮ ವಾಕ್ಯ ಹೇಳುತ್ತಿದ್ದರು. ಆ ವರ್ಷದಲ್ಲಿ ಆ ತರಗತಿ ಅಷ್ಟು ಜೀವಂತವಾಗಿದ್ದುದನ್ನು ನಾನು ಕಂಡಿರಲಿಲ್ಲ. ಕಾರಿಡಾರಿನಲ್ಲಿ ಹೋಗುತ್ತಿದ್ದ ಮುಖ್ಯಸ್ಥರು ನಿಂತು ನೋಡಿದರು. ಗಂಟೆಯಾದ ಮೇಲೆ ಕೋಣೆಗೆ ಕರೆಸಿ, ಇಂಗ್ಲಿಷ್ ಪೀರಿಯಡ್ಡಿನಲ್ಲಿ ಕನ್ನಡ ಅಕ್ಷರ ಕಂಡರೆ ಪೋಷಕರು ಪ್ರಶ್ನೆ ಮಾಡುತ್ತಾರೆ ಅಂದರು. ನಾನು ವಾಪಸು ಬಂದು ಹಲಗೆ ಒರೆಸಿದೆ. ಒರೆಸಿದ್ದು ಇವತ್ತಿಗೂ ನೋಯುತ್ತದೆ.

ಈ ಬೀದಿಗಳಲ್ಲಿ ಬಾಳಿ ಇಂಗ್ಲಿಷನ್ನು ಚೆನ್ನಾಗಿ ಅರಿತವರು ಯಾರು ಎಂದಾದರೂ ನೋಡಬೇಡವೇ? ಮೆಟ್ರಿಕ್ ಪಾಸಾಗದ ಡಿ.ವಿ.ಜಿ. ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ನಡೆಸಿದರು. ಗವಿಪುರದಲ್ಲಿ ಬಾಳಿದ ಮಾಸ್ತಿಯವರ ಎಂ.ಎ. ಇಂಗ್ಲಿಷ್ ಸಾಹಿತ್ಯದಲ್ಲಿ, ಮನೆಮಾತು ತಮಿಳು, ಬರೆದದ್ದು ಕನ್ನಡ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ಹೊಸ ಕಾವ್ಯಕ್ಕೆ ದಾರಿ ತೆರೆದರು. ಇವರಿಗೆ ಕನ್ನಡ ಅಡ್ಡ ಬರಲಿಲ್ಲ. ಒಂದು ಭಾಷೆಯ ಮೇಲೆ ಕಾಲು ಊರಿ ಇನ್ನೊಂದಕ್ಕೆ ಕೈ ಚಾಚಿದವರು ಅವರು.

ಎಸ್ಸೆಸ್ಸೆಲ್ಸಿ ಪರೀಕ್ಷಾ ಮಂಡಳಿ ಮಲ್ಲೇಶ್ವರದ 6ನೇ ಅಡ್ಡರಸ್ತೆಯಲ್ಲಿದೆ. ಪದವಿಪೂರ್ವ ಇಲಾಖೆ ಅದೇ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ. ಸಂಪಿಗೆ ರಸ್ತೆಯ ಹೂವಿನ ಸಾಲು ಎರಡಕ್ಕೂ ದೂರವಲ್ಲ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನದೊಂದು ಕೋರಿಕೆ. ಬಿಟ್ಟ ಸ್ಥಳ ಒಂದು ಕಡಿಮೆ ಮಾಡಿ, ಅದರ ಜಾಗದಲ್ಲಿ ಒಂದು ಕನ್ನಡ ವಾಕ್ಯ ಕೊಡಿ, ಬೀದಿಯ ಕನ್ನಡ, ‘ಇದನ್ನು ಇಂಗ್ಲಿಷಿನಲ್ಲಿ ಹೇಳಿ’ ಎಂದು ಕೇಳಿ. ಪ್ರಶ್ನೆ ಬದಲಾದರೆ ಗೈಡು ಬದಲಾಗುತ್ತದೆ, ಗೈಡು ಬದಲಾದರೆ ಪಾಠವೂ ಬದಲಾಗುತ್ತದೆ. ನಮ್ಮಲ್ಲಿ ಪಾಠ ನಡೆಯುವುದು ಆ ದಿಕ್ಕಿನಲ್ಲೇ.

ಅಂದು ಗುಡಿಯಿಂದ ಬರುವ ಹೊತ್ತಿಗೆ ಎರಡು ಮಾರು ಹೂವು ಬಾಳೆಲೆಯಲ್ಲಿ ಸುತ್ತಿ ಸಿದ್ಧವಾಗಿತ್ತು. ನಾನು ಅಲ್ಲೇ ಕೂತು ಹುಡುಗಿಗೆ, ಅಮ್ಮ ಆಗ ನನಗೆ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರಿ ನೋಡೋಣ ಅಂದೆ. ‘ಬರೋಷ್ಟೊತ್ತಿಗೆ’ ಅನ್ನುವುದರಲ್ಲಿ ನಿನ್ನೆ ಇದೆಯಾ, ನಾಳೆ ಇದೆಯಾ ಎಂದು ಕೇಳಿದೆ. “ಎರಡೂ ಇಲ್ಲ ಮಿಸ್” ಅಂದಳು. ಹಾಗಾದರೆ ಅಲ್ಲಿ ‘ವಿಲ್’ ಬೇಕಾ? ಬೇಡವೆಂದು ತಲೆಯಾಡಿಸಿದಳು. ‘ಇರ್ತೀನಿ’ಗೆ ಏನು ಅಂದಾಗ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿ, ‘ವಿಲ್ ಹ್ಯಾವ್’ ಎಂದು ಬರೆದಳು. ಅದರ ಪಕ್ಕ ‘ಟೈಡ್’. ವಾಕ್ಯ ನಿಂತಿತು. ಅಮ್ಮನಿಗೆ ಓದಿ ಹೇಳಿದಳು; ಅಮ್ಮ ಹೂವು ಕಟ್ಟುತ್ತಲೇ ಕೇಳಿಸಿಕೊಂಡಳು.

ಹುಡುಗಿ ಮತ್ತೆ ಪುಸ್ತಕ ನೋಡಿದಳು. “ಮಿಸ್, ಕಟ್ಟಿ ಬಂತು, ಇರ್ತೀನಿ ಬಂತು. ನಡುವೆ ‘ಇಟ್ಟು’ ಅಂತ ಇತ್ತಲ್ಲ, ಅದು ಎಲ್ಲಿ ಹೋಯ್ತು?”

ಇಂಗ್ಲಿಷಿನ ಕ್ರಿಯಾಪದದಲ್ಲಿ ಅದಕ್ಕೆ ಜಾಗವಿಲ್ಲ, ಬೇರೆ ಪದ ಸೇರಿಸಿ ಹೇಳಬೇಕಾಗುತ್ತದೆ ಎಂದು ಹೇಳಿದೆ. ಅವಳು ವಾಕ್ಯದ ಕೆಳಗೆ ಇನ್ನೊಂದು ಗೆರೆ ಎಳೆದು, ‘ಇಟ್ಟು’ ಎಂದು ಕನ್ನಡದಲ್ಲೇ ಬರೆದು, ಮುಂದೆ ಪ್ರಶ್ನೆ ಚಿಹ್ನೆ ಹಾಕಿಟ್ಟುಕೊಂಡಳು.